ಎತ್ತರದ ವಿಂಡ್‌ಶೀಲ್ಡ್ ಹಾಕಿಸಿದ ಮೇಲೆ ತಲೆಗೆ ಗಾಳಿಯ ಗುದ್ದು ಹೆಚ್ಚಾಗಿದೆ, ಏನು ಮಾಡಲಿ?

ಕಾಳಿದಂಡೆ

ಕಾರವಾರದವನು. ಕೆಲಸದ ಮೇಲೆ ಆಗಾಗ ಭಟ್ಕಳದವರೆಗೆ ಹೋಗಿ ಬರಬೇಕಾಗುತ್ತದೆ. ಬೈಕು 400 ಸಿಸಿಯ ಟೂರಿಂಗ್ ಮಾದರಿ, ಹಿಂದೆ ಟಾಪ್ ಬಾಕ್ಸ್ ಇದೆ. ಬೈಕಿನ ಜೊತೆ ಬಂದ ವಿಂಡ್‌ಶೀಲ್ಡ್ ಗಿಡ್ಡವಾಗಿತ್ತು, ಗಾಳಿಯೆಲ್ಲ ಎದೆಗೇ ಬಡಿಯುತ್ತಿತ್ತು. ಅದನ್ನು ತೆಗೆಸಿ ಎತ್ತರದ ಗಾಜು ಹಾಕಿಸಿದೆ. ಎದೆಗೆ ಈಗ ಆರಾಮ. ಆದರೆ 80 ದಾಟಿದ ಕೂಡಲೇ ತಲೆಗೆ ಗುದ್ದು ಶುರು. ಹೆಲ್ಮೆಟ್ ಗಡಗಡ ನಡುಗಿ ಮುಂದಿನ ಲಾರಿಯ ನಂಬರ್ ಪ್ಲೇಟ್ ಎರಡೆರಡಾಗಿ ಕಾಣುತ್ತದೆ. ಕುಮಟಾ ಮುಟ್ಟುವಷ್ಟರಲ್ಲಿ ಕುತ್ತಿಗೆ ಹಿಡಿದಿರುತ್ತದೆ, ಇಳಿದ ಮೇಲೂ ಬಹಳ ಹೊತ್ತು ಕಿವಿ ಗುಂಯ್‌ಗುಡುತ್ತಿರುತ್ತದೆ. ನನ್ನ ಎತ್ತರ ಐದು ಅಡಿ ಹನ್ನೊಂದು ಅಂಗುಲ. ಇನ್ನೂ ಎತ್ತರದ ಗಾಜು ಹಾಕಿಸಲೇ, ಹೆಲ್ಮೆಟ್ ಬದಲಿಸಲೇ, ಬೈಕನ್ನೇ ಮಾರಲೇ? ಮೂರನೆಯದು ಹೆಂಡತಿಯ ಸಲಹೆ. ಮೊದಲೆರಡರ ಬಗ್ಗೆ ತಿಳಿದವರು ಹೇಳಿ.

ಘಟ್ಟದ ಮೇಲಿನವ

80 ದಾಟಬೇಡಿ. ಮುಗಿಯಿತು.

ಕಾಳಿದಂಡೆ

ದೇವಿಮನೆ ಘಟ್ಟದಲ್ಲಿ ಎರಡನೇ ಗೇರಿನಲ್ಲೇ ಆಯುಷ್ಯ ಸವೆಸುವ ಶಿರಸಿಯವರಿಂದ ಇದೇ ಉತ್ತರ ಬರುತ್ತದೆಂದು ಗೊತ್ತಿತ್ತು.

ಘಟ್ಟದ ಮೇಲಿನವ

ಎರಡನೇ ಗೇರಿನಲ್ಲಿ ಹೋದರೆ ಕಾಡಾದರೂ ಕಾಣುತ್ತದೆ ಭಾವ. ನಿಮ್ಮ ಹೆದ್ದಾರಿಯಲ್ಲಿ ಕಾಣುವುದು ಕಂಟೇನರ್ ಲಾರಿಯ ಬೆನ್ನು, ಅದೂ ಎರಡೆರಡಾಗಿ.

ಹತ್ತು ಹನ್ನೊಂದರ ಪಾನಾ

ಜಗಳ ಆಮೇಲೆ. ನಡುಗುವುದು ತಲೆಯೋ, ಹ್ಯಾಂಡಲ್ಲೋ? ಮೊದಲು ಅದನ್ನು ಹೇಳಿ. ಗ್ಯಾರೇಜಿಗೆ ಬರುವವರು ಎರಡಕ್ಕೂ "ಗಾಳಿಗೆ ಅಲುಗುತ್ತದೆ" ಎಂದೇ ಹೇಳುತ್ತಾರೆ.

ಹ್ಯಾಂಡಲ್ ಒಲೆದಾಡುತ್ತಿದ್ದರೆ ಗಾಜಿನ ತಂಟೆಗೇ ಹೋಗಬೇಡಿ. ಸೆಂಟರ್ ಸ್ಟ್ಯಾಂಡ್ ಹಾಕಿ, ಹಿಂದೆ ಒಬ್ಬರಿಗೆ ಒತ್ತಿ ಹಿಡಿಯಲು ಹೇಳಿ ಮುಂದಿನ ಚಕ್ರ ಮೇಲೇಳುವಂತೆ ಮಾಡಿ. ಫೋರ್ಕಿನ ಕೆಳತುದಿ ಹಿಡಿದು ಹಿಂದಕ್ಕೂ ಮುಂದಕ್ಕೂ ಎಳೆದು ನೋಡಿ. ಟಕ್ ಟಕ್ ಎಂದರೆ ಕೋನ್ ಸೆಟ್, ಅಂದರೆ ಹ್ಯಾಂಡಲ್ ತಿರುಗುವ ಬುಡದ ಬೇರಿಂಗ್, ಸಡಿಲವಾಗಿದೆ. ಹ್ಯಾಂಡಲನ್ನು ನಿಧಾನವಾಗಿ ತಿರುಗಿಸುವಾಗ ನಟ್ಟನಡುವೆ ಕಚ್ಚಿ ನಿಂತರೆ ಅದು ಸವೆದಿದೆ, ಬಿಗಿ ಮಾಡಿ ಪ್ರಯೋಜನವಿಲ್ಲ, ಬದಲಿಸಲೇಬೇಕು. ಟೈರಿನ ಗಾಳಿ ನೋಡಿ. ಟಾಪ್ ಬಾಕ್ಸಿನಲ್ಲಿ ಏನು ತುಂಬಿದ್ದೀರಿ ಅದನ್ನೂ ನೋಡಿ. ಹಿಂದಿನ ಅಚ್ಚಿಗಿಂತ ಹಿಂದೆ, ಅಷ್ಟು ಎತ್ತರದಲ್ಲಿ ಭಾರ ಕೂತರೆ ಮುಂದಿನ ಚಕ್ರ ಹಗುರಾಗಿ ವೇಗದಲ್ಲಿ ಬೈಕು ಓಲಾಡುತ್ತದೆ.

ಕಾಳಿದಂಡೆ

ನೀವು ಹೇಳಿದ್ದೆಲ್ಲ ನೋಡಿದೆ. ಹ್ಯಾಂಡಲ್ ಗಟ್ಟಿಯಾಗಿದೆ, ಹಿಡಿತ ಸಡಿಲಿಸಿದರೂ ನೆಟ್ಟಗೆ ಹೋಗುತ್ತದೆ. ಏಟೆಲ್ಲ ತಲೆಗೇ. ಬಾಕ್ಸಿನಲ್ಲಿ ರೇನ್‌ಕೋಟ್, ಕಡತ, ಬರುವಾಗ ಒಮ್ಮೊಮ್ಮೆ ಒಣಮೀನು.

ನಿವೃತ್ತ ಮಾಸ್ತರ

ಹಾಗಾದರೆ ಅಪರಾಧಿ ಗಾಜೇ. ಅದರ ಎತ್ತರ ಸಾಲದು ಎಂದಲ್ಲ, ಅಂಚು ಬರಬಾರದ ಜಾಗಕ್ಕೆ ಬಂದು ಕೂತಿದೆ.

ಗಾಳಿ ನೆಟ್ಟಗೆ ಬಂದು ಬಡಿದರೆ ಅದು ಬರೀ ಒತ್ತಡ. ಹಳೆಯ ಬುಲೆಟ್ಟಿಗೆ ಗಾಜೇ ಇಲ್ಲ. ಅದರ ಸವಾರ ಗಾಳಿಗೆ ಎದೆಯೊಡ್ಡಿ ಹೋಗುತ್ತಾನೆ, ತೋಳು ಸೋಲುತ್ತದೆ, ತಲೆ ಮಾತ್ರ ನಡುಗುವುದಿಲ್ಲ. ನಡುಗಿಸುವುದು ಹರಿದ ಗಾಳಿ. ಗಾಜಿನ ಮೇಲಂಚು ದಾಟಿದ ಗಾಳಿಗೆ ಅದರ ಬೆನ್ನಿಗೆ ಒತ್ತಡ ಕಡಿಮೆ ಇರುವ ಜಾಗ ಸಿಗುತ್ತದೆ. ಅತ್ತ ಕುಸಿಯುತ್ತದೆ, ಸುರುಳಿ ಸುತ್ತುತ್ತದೆ, ಕಳಚಿಕೊಳ್ಳುತ್ತದೆ, ಹಿಂದೆಯೇ ಇನ್ನೊಂದು. ಮಳೆಗಾಲದಲ್ಲಿ ಸೇತುವೆಯ ಕಂಬದ ಹಿಂದೆ ಹೊಳೆಯ ನೀರು ಎಡಕ್ಕೊಂದು ಬಲಕ್ಕೊಂದು ಸುಳಿ ಬಿಡುತ್ತಾ ಹೋಗುವುದನ್ನು ನೀವೆಲ್ಲ ನೋಡಿದ್ದೀರಿ, ಇದೂ ಅದೇ. ಈ ಸುಳಿಸಾಲಿನ ಗಣಿತವನ್ನು ಥಿಯೊಡೋರ್ ಫಾನ್ ಕಾರ್ಮಾನ್ 1911-12ರಲ್ಲೇ ಬಿಡಿಸಿಟ್ಟಿದ್ದಾರೆ.

ಅಂದಾಜು ಲೆಕ್ಕ ಹಾಕೋಣ. ಗಂಟೆಗೆ 90 ಕಿ.ಮೀ. ಎಂದರೆ ಸೆಕೆಂಡಿಗೆ 25 ಮೀಟರ್. ಗಾಜಿನ ಅಗಲ 40 ಸೆಂ.ಮೀ. ಎಂದಿಟ್ಟುಕೊಳ್ಳಿ. ವೇಗವನ್ನು ಅಗಲದಿಂದ ಭಾಗಿಸಿ, ಸುಳಿ ಎಷ್ಟು ಬೇಗ ಬೇಗ ಕಳಚುತ್ತದೆ ಎಂದು ಹೇಳುವ ಸ್ಟ್ರೌಹಲ್ ಸಂಖ್ಯೆಯಿಂದ, ದುಂಡು ಕಂಬಕ್ಕೆ ಅದು 0.2, ಗುಣಿಸಿದರೆ 12.5. ಗಾಜು ದುಂಡು ಕಂಬವಲ್ಲ, ಅಂಕಿ ಅತ್ತಿತ್ತ ಆಗುತ್ತದೆ. ಆದರೂ ಸೆಕೆಂಡಿಗೆ ಹತ್ತರ ಆಸುಪಾಸಿನಲ್ಲಿ ತಲೆಗೆ ಏಟು ಬೀಳುತ್ತಿದೆ ಎಂದಾಯಿತು. ನಂಬರ್ ಪ್ಲೇಟ್ ಎರಡಾಗಿ ಕಾಣದೆ ಇನ್ನೇನು? ಇನ್ನು ಬಲ ಏರುವುದು ವೇಗದ ವರ್ಗಕ್ಕೆ ತಕ್ಕಂತೆ. 80ರಿಂದ 100ಕ್ಕೆ ಹೋದರೆ ವೇಗ ಹೆಚ್ಚುವುದು ಕಾಲು ಪಾಲು, ಬಲ ಹೆಚ್ಚುವುದು ಅರ್ಧ ಪಾಲಿಗಿಂತ ಮೇಲೆ.

ಗಿಡ್ಡ ಗಾಜಿದ್ದಾಗ ಸುಳಿ ಎದೆಗೆ ಬೀಳುತ್ತಿತ್ತು. ಎದೆಗೆ ಜಾಕೆಟ್ಟಿದೆ, ಭಾರವಿದೆ, ತಡೆದುಕೊಂಡಿತು. ಈಗ ದುಡ್ಡು ಕೊಟ್ಟು ಅದನ್ನು ಹೆಲ್ಮೆಟ್ಟಿನ ಮಟ್ಟಕ್ಕೆ ಏರಿಸಿಕೊಂಡಿದ್ದೀರಿ.

ಮಾಜಾಳಿ ಗಡಿ

ಮಾಸ್ತರರೇ, ಕಪ್ಪು ಹಲಗೆಯ ಮೇಲೆ ಎಲ್ಲವೂ ಸರಿ. ನಾನು ಇದಕ್ಕಿಂತ ಎತ್ತರದ ಗಾಜು ಹಾಕಿಕೊಂಡು ಗೋವಾ, ಬೆಳಗಾವಿ ಎಲ್ಲ ಸುತ್ತುತ್ತೇನೆ. ಹೆಲ್ಮೆಟ್ಟಿನೊಳಗೆ ಗುನುಗಿದ ಹಾಡು ನನಗೇ ಕೇಳುತ್ತದೆ. ಎತ್ತರವೇ ಮದ್ದು.

ನಿವೃತ್ತ ಮಾಸ್ತರ

ತಮ್ಮ ಎತ್ತರ?

ಮಾಜಾಳಿ ಗಡಿ

ಐದು ಅಡಿ ನಾಲ್ಕು.

ನಿವೃತ್ತ ಮಾಸ್ತರ

ಉತ್ತರ ಸಿಕ್ಕಿತಲ್ಲ. ಸುಳಿಗಾಳಿ ನಿಮ್ಮ ತಲೆಯ ಮೇಲಿನಿಂದ ದಾಟಿ ಹೋಗುತ್ತದೆ. ಅದೇ ಗಾಜಿನ ಹಿಂದೆ ಕಾಳಿದಂಡೆಯವರನ್ನು ಕೂರಿಸಿದರೆ ಅವರ ಹಣೆಗೇ ಬೀಳುತ್ತದೆ.

ಮಾಜಾಳಿ ಗಡಿ

ಹಾಗಾದರೆ ಅವರು ಇನ್ನೂ ನಾಲ್ಕು ಅಂಗುಲ ಏರಿಸಲಿ. ನನ್ನ ಮಾತು ಎಲ್ಲಿ ತಪ್ಪಾಯಿತು?

ಶರಾವತಿ ದಾಟಿದವಳು

ಇನ್ನೂ ನಾಲ್ಕು ಅಂಗುಲ ಏರಿಸಿದರೆ ರಸ್ತೆಯನ್ನು ಗಾಜಿನ ಮೂಲಕವೇ ನೋಡಬೇಕು. ಆಷಾಢದ ಮಳೆ, ರಾತ್ರಿ, ಎದುರಿನಿಂದ ಹೈಬೀಮ್ ಹಾಕಿಕೊಂಡು ಬರುವ ಬಸ್ಸು. ಗಾಜಿನ ಮೇಲೂ ನೀರು, ಹೆಲ್ಮೆಟ್ಟಿನ ವೈಸರ್ ಮೇಲೂ ನೀರು. ವೈಸರನ್ನು ಕೈಗವಸಿನಿಂದ ಒರೆಸಬಹುದು, ಗಾಜನ್ನು ಯಾರು ಒರೆಸುತ್ತಾರೆ? ನನ್ನ ಪ್ರಕಾರ ಅಂಚು ಮೂಗಿನ ಮಟ್ಟಕ್ಕಿಂತ ಮೇಲೆ ಬರಲೇಬಾರದು. ರಸ್ತೆ ಯಾವಾಗಲೂ ಅಂಚಿನ ಮೇಲಿನಿಂದ ಕಾಣಬೇಕು.

ಇನ್ನೊಂದು ವಿಷಯವನ್ನು ಮಾಸ್ತರರು ಬಿಟ್ಟರು. ಕರಾವಳಿಯಲ್ಲಿ ಗಾಳಿ ಎದುರಿನಿಂದ ಮಾತ್ರ ಬರುವುದಿಲ್ಲ. ನಮ್ಮ ಹೆದ್ದಾರಿ ಉತ್ತರ ದಕ್ಷಿಣ, ಮಧ್ಯಾಹ್ನದ ಕಡಲಗಾಳಿ ಪಡುವಣದಿಂದ. ಹೊನ್ನಾವರದ ಸೇತುವೆಯ ಮೇಲೆ ಬಂದ ಕೂಡಲೇ ಮರವೂ ಇಲ್ಲ, ಗುಡ್ಡವೂ ಇಲ್ಲ, ಅಳಿವೆಯ ಕಡೆಯಿಂದ ನೇರವಾಗಿ ಬೀಸುತ್ತದೆ. ನೀವು 80ರಲ್ಲಿ ಹೋಗುವಾಗ ಅಡ್ಡಗಾಳಿ 30ರ ವೇಗದಲ್ಲಿದ್ದರೆ ಬೈಕಿಗೆ ಅದು ಸುಮಾರು 20 ಡಿಗ್ರಿ ಓರೆಯಾಗಿ ಬರುತ್ತದೆ. ಆಗ ತಲೆಗೆ ಬೀಳುವುದು ಮೇಲಂಚಿನ ಸುಳಿಯಲ್ಲ, ಪಕ್ಕದ ಅಂಚಿನದು. ದಕ್ಷಿಣಕ್ಕೆ ಹೋಗುವಾಗ ಬಲಗಿವಿಗೆ, ಉತ್ತರಕ್ಕೆ ಬರುವಾಗ ಎಡಗಿವಿಗೆ. ಗಾಜು ಎತ್ತರವಾದಷ್ಟೂ, ಅಗಲವಾದಷ್ಟೂ ಅಡ್ಡಗಾಳಿಗೆ ಹಾಯಿ ಕಟ್ಟಿಕೊಟ್ಟ ಲೆಕ್ಕವೇ.

ಕಾಳಿದಂಡೆಯವರೇ, ನಿಮಗೆ ಯಾವ ಕಿವಿಗೆ ಹೆಚ್ಚು?

ಕಾಳಿದಂಡೆ

ಅಕ್ಕಾ, ಹೋಗುವಾಗ ಬಲ! ಇದುವರೆಗೆ ಯೋಚಿಸಿಯೇ ಇರಲಿಲ್ಲ. ಬರುವುದು ರಾತ್ರಿ, ಆಗ ಎರಡೂ ಸಮ.

ಶರಾವತಿ ದಾಟಿದವಳು

ರಾತ್ರಿ ಕಡಲಗಾಳಿ ಬಿದ್ದು ಹೋಗಿರುತ್ತದೆ, ಅದಕ್ಕೇ ಸಮ. ಗಾಜು ಪರೀಕ್ಷೆ ಮಾಡುವುದಾದರೆ ಬೆಳಗಿನ ಜಾವ ಮಾಡಿ. ಮಧ್ಯಾಹ್ನ ಮಾಡಿದರೆ ಗಾಜಿನ ದೋಷ ಯಾವುದು, ಸಮುದ್ರದ ದೋಷ ಯಾವುದು ಗೊತ್ತಾಗುವುದಿಲ್ಲ.

ಸದಾಶಿವಗಡದವ

ಅಡ್ಡಗಾಳಿಯ ಮಾತು ಬಂತು ಎಂದು ಹೇಳುತ್ತೇನೆ. 2024ರ ಆಗಸ್ಟ್ 7ರಂದು ಕಾರವಾರದ ಕಾಳಿ ನದಿಯ ಹಳೆ ಸೇತುವೆ ಕುಸಿದ ಮೇಲೆ ಎರಡೂ ದಿಕ್ಕಿನ ವಾಹನಗಳು ಒಂದೇ ಸೇತುವೆಗೆ ಬಿದ್ದವು. ಒಂದು ಕಡೆಯಿಂದ ಕಡಲಗಾಳಿ, ಎದುರಿನಿಂದ ಲಾರಿ ತಳ್ಳಿಕೊಂಡು ಬರುವ ಗಾಳಿ. ಲಾರಿ ದಾಟಿದ ಕ್ಷಣ ಅತ್ತ ತಳ್ಳಿದ್ದು ಇತ್ತ ಎಳೆಯುತ್ತದೆ. ಹೊಸಬರು ಹ್ಯಾಂಡಲನ್ನು ಬಿಗಿ ಹಿಡಿದು ತೋಳು ಸೆಟೆಸಿ ಕೂರುತ್ತಾರೆ. ಆಗ ಮೈಗೆ ಬಿದ್ದ ಏಟೆಲ್ಲ ಹ್ಯಾಂಡಲಿಗೆ ಇಳಿಯುತ್ತದೆ. ತೊಡೆಯಿಂದ ಟ್ಯಾಂಕನ್ನು ಗಟ್ಟಿ ಅಮುಕಿ, ಮೊಣಕೈ ಸಡಿಲ ಬಿಡಿ. ಬೈಕು ತಾನೇ ನೇರವಾಗುತ್ತದೆ.

ಕಂಟೇನರ್ ಸಾರಥಿ

ನಾನು ಮಂಗಳೂರು-ಗೋವಾ ಗಾಡಿ ಓಡಿಸುವವನು. ಈ ಚರ್ಚೆಯಲ್ಲಿ ಲಾರಿಯನ್ನು ಎಲ್ಲರೂ ಬೈದಿರಿ, ಈಗ ಲಾರಿಯವನ ಮಾತೂ ಕೇಳಿ.

ಬೈಕಿನವರು ನನ್ನ ಗಾಡಿಯ ಬಾಲಕ್ಕೆ ಅಂಟಿಕೊಂಡು ಬರುತ್ತಾರೆ, ಗಾಳಿ ತಪ್ಪುತ್ತದೆ ಎಂಬ ಲೆಕ್ಕ. ಕಂಟೇನರ್ ಎಂದರೆ ನಾಲ್ಕು ಮೂಲೆಯ ಪೆಟ್ಟಿಗೆ. ಅದರ ಹಿಂದೆ ಗಾಳಿ ತಪ್ಪುವುದಿಲ್ಲ, ಗಾಳಿ ಕೆಡುತ್ತದೆ. ನಿಮ್ಮ ಗಾಜಿನ ಹಿಂದಿನ ಸುಳಿ ಒಂದಡಿ ಇದ್ದರೆ ನನ್ನ ಪೆಟ್ಟಿಗೆಯ ಹಿಂದಿನದು ಆಳೆತ್ತರ. ಇಂಥ ಕಡೆ ಕೂತುಕೊಂಡು ಹೆಲ್ಮೆಟ್ ನಡುಗುತ್ತದೆ, ಗಾಜು ಬದಲಿಸಬೇಕು ಎಂದರೆ ಯಾವ ಗಾಜು ಏನು ಮಾಡೀತು? ಮೇಲಾಗಿ ಆ ಜಾಗದಲ್ಲಿ ನನ್ನ ಕನ್ನಡಿಗೆ ನೀವು ಕಾಣುವುದೇ ಇಲ್ಲ. ಒಂದೋ ದೂರ ಉಳಿಯಿರಿ, ಇಲ್ಲವೇ ರಸ್ತೆ ನೋಡಿಕೊಂಡು ಪೂರ್ತಿ ದಾಟಿ.

ದಾಟುವಾಗ ಬಾಲದ ಹತ್ತಿರ ಒಳಕ್ಕೆ ಎಳೆದ ಅನುಭವವಾಗುತ್ತದೆ, ಕ್ಯಾಬಿನ್ನಿನ ಮೂತಿಯ ಹತ್ತಿರ ಹೊರಕ್ಕೆ ತಳ್ಳುತ್ತದೆ. ಇದು ಗೊತ್ತಿದ್ದರೆ ಹೆದರಿಕೆ ಇಲ್ಲ. ಗೊತ್ತಿಲ್ಲದವನು ಮೂತಿಯ ಹತ್ತಿರ ಗಾಬರಿಯಾಗಿ ಬ್ರೇಕ್ ಹಾಕುತ್ತಾನೆ. ಆಗ ಗಾಬರಿ ನನಗೆ.

ಘಟ್ಟದ ಮೇಲಿನವ

ಇಡೀ ಚರ್ಚೆಯಲ್ಲಿ ಇದೊಂದೇ ಪ್ರಯೋಜನಕ್ಕೆ ಬರುವ ಮಾತು.

ಕಾಳಿದಂಡೆ

ಲಾರಿ ಇಲ್ಲದ ಕಡೆಯೂ ನಡುಗುತ್ತದೆ, ಅದಕ್ಕೇ ಕೇಳಿದ್ದು. ಆವರ್ಸಾದ ಹತ್ತಿರ ಮುಂದೆ ಯಾರೂ ಇಲ್ಲದ ರಸ್ತೆಯಲ್ಲೂ ಇದೇ ಪಾಡು.

ಹತ್ತು ಹನ್ನೊಂದರ ಪಾನಾ

ಸರಿ, ಖರ್ಚಿಲ್ಲದ ಪರೀಕ್ಷೆ ಹೇಳುತ್ತೇನೆ. ಗಾಜನ್ನು ಬಿಚ್ಚಿ ಮನೆಯಲ್ಲಿಡಿ. ನಾಲ್ಕು ಬೋಲ್ಟು, ಹತ್ತು ನಿಮಿಷದ ಕೆಲಸ. ಅದೇ ರಸ್ತೆ, ಅದೇ ವೇಗ. ತಲೆ ನಿಂತರೆ ದೋಷ ಗಾಜಿನದು. ಆಗಲೂ ನಡುಗಿದರೆ ದೋಷ ಹೆಲ್ಮೆಟ್ಟಿನದು. ಜನ ಸಾವಿರಗಟ್ಟಲೆ ಸುರಿದು ಗಾಜಿನ ಮೇಲೆ ಗಾಜು ತರಿಸುತ್ತಾರೆ, ಇದನ್ನು ಮಾತ್ರ ಮಾಡುವುದಿಲ್ಲ.

ಗಾಜಿನದೇ ಎಂದಾದರೆ ಮುಂದಿನದು: ಗಾಜು ಹಾಕಿ ಖಾಲಿ ರಸ್ತೆಯಲ್ಲಿ ಫುಟ್‌ಪೆಗ್ಗಿನ ಮೇಲೆ ತುಸು ಎದ್ದು ನಿಲ್ಲಿ. ಎಷ್ಟು ಎತ್ತರಕ್ಕೆ ಎದ್ದಾಗ ತಲೆ ಹಗುರಾಯಿತು ನೋಡಿಕೊಳ್ಳಿ. ನಂತರ ಕುಳಿತು ಬಗ್ಗಿ ನೋಡಿ. ಎರಡು ಅಂಗುಲ ಎದ್ದರೆ ಶುದ್ಧ ಗಾಳಿ ಸಿಗುತ್ತದೆ ಎಂದಾದರೆ ಗಾಜು ಎರಡು ಅಂಗುಲ ತಗ್ಗಬೇಕು. ನಾಲ್ಕು ಅಂಗುಲ ಬಗ್ಗಿದರೆ ಮಾತ್ರ ಸಿಗುತ್ತದೆ ಎಂದಾದರೆ ಅಷ್ಟು ಏರಿಸಬೇಕು, ಅದಕ್ಕೆ ಹೊನ್ನಾವರದ ಅಕ್ಕನವರ ಆಕ್ಷೇಪ ಇದೆ. ನನ್ನದೂ ಇದೆ.

ನಿವೃತ್ತ ಮಾಸ್ತರ

ಪಾನಾದವರ ವಿಧಾನಕ್ಕೆ ಒಂದು ಸೇರ್ಪಡೆ. ಗಾಜಿನ ಮೇಲಂಚಿಗೂ ಹೆಲ್ಮೆಟ್ಟಿಗೂ ಗೇಣುದ್ದದ ಉಣ್ಣೆಯ ದಾರಗಳನ್ನು ಟೇಪಿನಿಂದ ಅಂಟಿಸಿ. ಪಕ್ಕದ ಬೈಕಿನ ಹಿಂಬದಿ ಸವಾರರು ಮೊಬೈಲಿನಲ್ಲಿ ಚಿತ್ರ ತೆಗೆಯಲಿ. ದಾರ ನೆಟ್ಟಗೆ ಹಿಂದಕ್ಕೆ ಚಾಚಿದ ಕಡೆ ಗಾಳಿ ಸರಿಯಾಗಿದೆ, ಗಿರಗಿರ ತಿರುಗಿದ ಕಡೆ ಸುಳಿ ಇದೆ. ವಿಮಾನದ ರೆಕ್ಕೆಯನ್ನು ಪರೀಕ್ಷಿಸುವವರೂ ಇದನ್ನೇ ಮಾಡುತ್ತಾರೆ.

ಮಾಜಾಳಿ ಗಡಿ

ಹೆಲ್ಮೆಟ್ಟಿಗೆ ದಾರ ಅಂಟಿಸಿಕೊಂಡು ಅಂಕೋಲಾ ಪೇಟೆಯಲ್ಲಿ ಹೋದರೆ ಜನ ಹರಕೆ ಹೊತ್ತವರು ಎಂದು ಕೈಮುಗಿಯುತ್ತಾರೆ.

ಅದಿರಲಿ, ಕಾಳಿದಂಡೆಯವರ ಹೆಲ್ಮೆಟ್ ಯಾವ ಬಗೆಯದು ಎಂದು ಯಾರೂ ಕೇಳಲೇ ಇಲ್ಲವಲ್ಲ. ಮುಂದೆ ಉದ್ದನೆಯ ತೊಪ್ಪಿ ಚಾಚಿರುವ ಅಡ್ವೆಂಚರ್ ಹೆಲ್ಮೆಟ್ಟಾದರೆ ಮೊದಲು ಆ ತೊಪ್ಪಿಯನ್ನು ಕಳಚಿಡಿ. ಮಣ್ಣಿನ ದಾರಿಯಲ್ಲಿ ಅದರಿಂದ ಉಪಯೋಗವಿದೆ, ಬಿಸಿಲಿಗೆ ನೆರಳು ಕೊಡುತ್ತದೆ. ಹೆದ್ದಾರಿಯಲ್ಲಿ ಅದು ಗಾಳಿಗೆ ಸಿಕ್ಕ ಹಿಡಿಕೆ. ಪಕ್ಕಕ್ಕೆ ಕತ್ತು ತಿರುಗಿಸಿದರೆ ತಲೆಯನ್ನೇ ತಿರುಚುತ್ತದೆ. ಒಳಗಿನ ಕೆನ್ನೆಯ ಸ್ಪಂಜು ಸವೆದಿದ್ದರೂ ಕಷ್ಟವೇ. ಪಟ್ಟಿ ಬಿಗಿದುಕೊಂಡು ಹೆಲ್ಮೆಟ್ಟನ್ನು ಕೈಯಿಂದ ಅಲ್ಲಾಡಿಸಿ; ಕೆನ್ನೆಯ ಚರ್ಮವೂ ಜೊತೆಗೆ ಅಲ್ಲಾಡಬೇಕು. ಹೆಲ್ಮೆಟ್ ಮಾತ್ರ ತಿರುಗಿದರೆ ಅದು ದೊಡ್ಡದಾಯಿತು.

ಕಾಳಿದಂಡೆ

ತೊಪ್ಪಿ ಇರುವುದೇ. ನೋಡಲು ಚೆನ್ನಾಗಿದೆ ಎಂದು ತೆಗೆದುಕೊಂಡದ್ದು.

ಮಾಜಾಳಿ ಗಡಿ

ಎಲ್ಲರೂ ಅದಕ್ಕೇ ತೆಗೆದುಕೊಳ್ಳುವುದು.

ಕಿವಿಮಾತು

ಗುದ್ದಿನ ಬಗ್ಗೆ ಇಷ್ಟು ಮಾತಾಯಿತು, ಸದ್ದಿನ ಬಗ್ಗೆ ಯಾರೂ ಎತ್ತಲಿಲ್ಲ. ಇಳಿದ ಮೇಲೂ ಕಿವಿ ಗುಂಯ್‌ಗುಡುವುದು ಹಗುರವಾಗಿ ತೆಗೆದುಕೊಳ್ಳುವ ಲಕ್ಷಣವಲ್ಲ. 100ರ ವೇಗದಲ್ಲಿ ಒಳ್ಳೆಯ ಹೆಲ್ಮೆಟ್ಟಿನೊಳಗೂ ಗಾಳಿಯ ಸದ್ದು 95ರಿಂದ 100 ಡೆಸಿಬೆಲ್ ಆಸುಪಾಸಿಗೆ ಹೋಗುತ್ತದೆ. ಕಾರ್ಖಾನೆಗಳಲ್ಲಿ ದಿನಕ್ಕೆ ಎಂಟು ಗಂಟೆಗೆ 85 ಡೆಸಿಬೆಲ್ ಎಂಬ ಮಿತಿ ಇಟ್ಟುಕೊಂಡು, ಪ್ರತಿ 3 ಡೆಸಿಬೆಲ್ ಏರಿಕೆಗೆ ಅವಧಿಯನ್ನು ಅರ್ಧ ಮಾಡುವ ಲೆಕ್ಕವಿದೆ. ಹಾಗೆ ಇಳಿಸುತ್ತಾ ಬಂದರೆ 100 ಡೆಸಿಬೆಲ್ಲಿಗೆ ಉಳಿಯುವುದು ಕಾಲು ಗಂಟೆ. ಕಾರವಾರದಿಂದ ಅಂಕೋಲಾಕ್ಕೂ ಸಾಲದು.

ಔಷಧಿ ಅಂಗಡಿಯಲ್ಲಿ ಸಿಗುವ ಸ್ಪಂಜಿನ ಇಯರ್‌ಪ್ಲಗ್ ಹಾಕಿಕೊಳ್ಳಿ. ಬೆರಳಲ್ಲಿ ಸಣ್ಣದಾಗಿ ಹೊಸೆದು, ಇನ್ನೊಂದು ಕೈಯಿಂದ ಕಿವಿಯನ್ನು ಮೇಲಕ್ಕೆ ಎಳೆದು ಹಿಡಿದು ಒಳಗಿಡಬೇಕು. ಅದು ಉಬ್ಬುವವರೆಗೆ ಬೆರಳು ತೆಗೆಯಬಾರದು. ಬಹುತೇಕರು ತುದಿಯಲ್ಲಿ ಸಿಕ್ಕಿಸಿಕೊಂಡು "ಕೆಲಸ ಮಾಡುವುದಿಲ್ಲ" ಎನ್ನುತ್ತಾರೆ.

ಘಟ್ಟದ ಮೇಲಿನವ

ಹಿಂದಿನಿಂದ ಬಸ್ಸು ಹಾರ್ನ್ ಹೊಡೆದರೆ?

ಕಿವಿಮಾತು

ಕೇಳುತ್ತದೆ. ಪ್ಲಗ್ ಎಲ್ಲ ಸದ್ದನ್ನೂ ತಗ್ಗಿಸುತ್ತದೆ, ಗಾಳಿಯ ಅಬ್ಬರವೂ ತಗ್ಗುವುದರಿಂದ ಹಾರ್ನ್ ಬೇರೆಯಾಗಿ ಕಿವಿಗೆ ಬೀಳುತ್ತದೆ. ನಮ್ಮ ಖಾಸಗಿ ಬಸ್ಸುಗಳ ಹಾರ್ನ್ ಕೇಳದಂತೆ ಮಾಡುವ ಪ್ಲಗ್ ಇನ್ನೂ ಹುಟ್ಟಿಲ್ಲ.

ಘಟ್ಟದ ಮೇಲಿನವ

ಈ ಒಂದಕ್ಕೆ ಒಪ್ಪಿದೆ.

ನಿಯಮಪಾಲಕ

ಇಲ್ಲಿ ಎಲ್ಲರೂ ಗಾಜು ಬದಲಿಸಿ, ತೂತು ಕೊರೆಯಿರಿ ಎನ್ನುತ್ತಿದ್ದೀರಿ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಓದಿದ್ದೀರಾ? ತಯಾರಕರು ಕೊಟ್ಟ ವಿವರಕ್ಕೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸುವಂತಿಲ್ಲ.

ಹತ್ತು ಹನ್ನೊಂದರ ಪಾನಾ

ಆರ್‌ಸಿ ಪುಸ್ತಕದಲ್ಲಿ ಗಾಜಿನ ಎತ್ತರ ಬರೆದಿರುವುದನ್ನು ತೋರಿಸಿ, ಆಮೇಲೆ ಮಾತಾಡೋಣ. ಆ ಕಲಂ ಹೇಳುವುದು ಆರ್‌ಸಿಯಲ್ಲಿ ನಮೂದಾದ ವಿವರಗಳು ಬದಲಾಗಬಾರದು ಎಂದು. ಎಂಜಿನ್, ಚಾಸಿ, ಬಣ್ಣದಂಥವು.

ನಿಯಮಪಾಲಕ

ಪೊಲೀಸರು ಹಿಡಿದಾಗ ಈ ವಾದವನ್ನು ಅವರ ಮುಂದೆ ಮಂಡಿಸಿ.

ಶರಾವತಿ ದಾಟಿದವಳು

ಗಾಜಿಗೆ ಯಾರೂ ಹಿಡಿದದ್ದನ್ನು ನಾನು ನೋಡಿಲ್ಲ. ಹೆಲ್ಮೆಟ್ ಕನ್ನಡಿಗೆ ನೇತು ಹಾಕಿಕೊಂಡು ಹೋಗುವವರನ್ನು ಹಿಡಿಯಲಿ ಮೊದಲು. ಆ 129ನೇ ಕಲಂ ನಮ್ಮಲ್ಲಿ ಬರೀ ಪೇಟೆ ವೃತ್ತಕ್ಕೆ ಅನ್ವಯಿಸುತ್ತದೆ ಎಂದು ತಿಳಿದವರೇ ಹೆಚ್ಚು.

ಕಾಳಿದಂಡೆ

ಪರೀಕ್ಷೆ ಮಾಡಿ ಬಂದೆ. ಬೆಳಗ್ಗೆ ಬೇಗ, ಗಾಳಿ ಇಲ್ಲದ ಹೊತ್ತು.

ಗಾಜಿಲ್ಲದೆ 90ರಲ್ಲಿ ಎದೆಗೆ ಯಾರೋ ಅಂಗೈ ಇಟ್ಟು ಒತ್ತಿದಂತಾಯಿತು, ತಲೆ ಮಾತ್ರ ಕಲ್ಲಿನಷ್ಟು ಸ್ಥಿರ. ದೂರದ ಫಲಕ ಸ್ಪಷ್ಟವಾಗಿ ಓದಬಹುದು. ಮಾಸ್ತರರು ಹೇಳಿದ್ದೇ ನಿಜ. ತೊಪ್ಪಿ ಕಳಚಿ ಎತ್ತರದ ಗಾಜು ಮತ್ತೆ ಹಾಕಿ ನೋಡಿದೆ. ಕತ್ತು ತಿರುಚುವುದು ನಿಂತಿತು, ನಡುಕ ಉಳಿಯಿತು. ಪೆಗ್ಗಿನ ಮೇಲೆ ಎದ್ದಾಗ ಮೂರು ಅಂಗುಲದಲ್ಲೇ ಶುದ್ಧ ಗಾಳಿ. ಅಂದರೆ ಗಾಜು ತಗ್ಗಬೇಕು. ಆದರೆ ಹಳೆಯ ಗಾಜಿಗೆ ಮರಳಿದರೆ ಎದೆಗೆ ಬಡಿತ, ಮಳೆಗಾಲದಲ್ಲಿ ನೀರೆಲ್ಲ ಅಂಗಿಯೊಳಗೆ. ನಡುವಿನ ದಾರಿ ಇಲ್ಲವೇ?

ಹತ್ತು ಹನ್ನೊಂದರ ಪಾನಾ

ಇದೆ. ಹಳೆಯ ಗಿಡ್ಡ ಗಾಜನ್ನೇ ಹಾಕಿ. ಅದರ ಬೋಲ್ಟುಗಳ ಹಿಂದೆ 12 ಮಿ.ಮೀ. ದಪ್ಪದ ನೈಲಾನ್ ಬುಷ್ ಕೊಟ್ಟು ಗಾಜನ್ನು ಅಷ್ಟು ಮುಂದಕ್ಕೆ ತನ್ನಿ. ಬೋಲ್ಟೂ ಹಳೆಯದಕ್ಕಿಂತ ಅಷ್ಟು ಉದ್ದದ್ದು ಬೇಕು. ಈಗ ಗಾಜಿನ ಬುಡಕ್ಕೂ ಮೀಟರಿಗೂ ನಡುವೆ ಬೆರಳು ತೂರುವಷ್ಟು ಸಂದು ಉಳಿಯುತ್ತದೆ. ಅಲ್ಲಿಂದ ಗಾಳಿ ಒಳಬಂದು ಗಾಜಿನ ಬೆನ್ನಿಗೆ ಏರುತ್ತದೆ. ಜನ ಗಾಳಿ ತಡೆಯಬೇಕು ಎಂದು ಈ ಸಂದನ್ನು ರಬ್ಬರ್ ಹಾಕಿ ಮುಚ್ಚುತ್ತಾರೆ, ಅಲ್ಲೇ ಕೆಡುವುದು.

ನಂತರ ಮೇಲಂಚಿಗೆ ಕ್ಲಾಂಪಿನಲ್ಲಿ ಸಿಕ್ಕಿಸುವ ಸಣ್ಣ ಸ್ಪಾಯ್ಲರ್, ಅಂದರೆ ಗಾಳಿಯ ದಿಕ್ಕು ತಿರುಗಿಸುವ ಪಟ್ಟಿ, ತಂದು ಹಾಕಿ. ಕೋನ ಬದಲಿಸಲು ಬರುವಂಥದ್ದು. ಅದಕ್ಕೂ ಗಾಜಿಗೂ ನಡುವೆಯೂ ಸಂದು ಇರಬೇಕು. ಸ್ವಲ್ಪ ಸ್ವಲ್ಪವೇ ಓರೆ ಮಾಡಿ ನೋಡಿ.

ನಿವೃತ್ತ ಮಾಸ್ತರ

ಬುಡದ ಸಂದಿನ ಕಾರಣವನ್ನೂ ಹೇಳಿಬಿಡುತ್ತೇನೆ. ಗಾಜಿನ ಬೆನ್ನಿಗೆ ಒತ್ತಡ ಕಡಿಮೆ ಇರುವುದರಿಂದ ತಾನೇ ಮೇಲಿನ ಗಾಳಿ ಒಳಕ್ಕೆ ಕುಸಿಯುವುದು? ಆ ಜಾಗವನ್ನು ಕೆಳಗಿನಿಂದ ಸ್ವಲ್ಪ ತುಂಬಿಕೊಟ್ಟರೆ ಮೇಲಿನದು ಕುಸಿಯದೆ ನೆಟ್ಟಗೆ ಹೋಗುತ್ತದೆ. ಬೆಲೆಬಾಳುವ ಟೂರಿಂಗ್ ಬೈಕುಗಳ ಗಾಜಿನ ಬುಡದಲ್ಲಿ ಸೀಳು ಬಿಟ್ಟಿರುವುದು ಅಂದಕ್ಕಲ್ಲ.

ಮಾಜಾಳಿ ಗಡಿ

ಫೋರ್ಕಿನ ಪಕ್ಕದಿಂದ ಮೇಲಕ್ಕೆ ನುಗ್ಗುವ ಗಾಳಿಯೂ ಇದೆ. ಮೀಟರಿನ ಕೆಳಗೆ, ಟ್ಯಾಂಕಿನ ಮುಂದೆ ಅಂಗೈ ಹಿಡಿದರೆ ಗೊತ್ತಾಗುತ್ತದೆ. ಅಲ್ಲಿ ತಾತ್ಕಾಲಿಕವಾಗಿ ರಟ್ಟು ಅಂಟಿಸಿ ನೋಡಿ. ವ್ಯತ್ಯಾಸ ಕಂಡರೆ ಮಾತ್ರ ಪ್ಲಾಸ್ಟಿಕ್ಕಿನದು ಮಾಡಿಸಿ. ರಟ್ಟು ಹ್ಯಾಂಡಲ್ ತಿರುಗುವುದಕ್ಕೂ ರೇಡಿಯೇಟರಿಗೂ ಅಡ್ಡ ಬರದಿರಲಿ.

ಗಂಟುಮೂಟೆ

ಟಾಪ್ ಬಾಕ್ಸಿನ ಮೇಲೆ ಕುಮಟಾ ಈರುಳ್ಳಿಯ ಗೊಂಚಲು ಕಟ್ಟಿಕೊಂಡು ಹೋದರೆ ಗಾಳಿಗೆ ಏನಾಗುತ್ತದೆ ಎಂದು ಯಾರಾದರೂ ಸಂಶೋಧಿಸಿದ್ದೀರಾ? ಹಂದಿಗೋಣದಲ್ಲಿ ಕೊಂಡದ್ದು ಅಂಕೋಲಾದಲ್ಲಿ ಅರ್ಧ ಉಳಿದಿತ್ತು.

ಕಂಟೇನರ್ ಸಾರಥಿ

ಉಳಿದರ್ಧ ನನ್ನ ಬಾನೆಟ್ ಮೇಲೆ ಬಿದ್ದಿರಬೇಕು. ಬೇಸಿಗೆಯಲ್ಲಿ ಆ ರಸ್ತೆಯಲ್ಲಿ ಈರುಳ್ಳಿ ಉದುರಿಸದೆ ಹೋಗುವ ಬೈಕೇ ಇಲ್ಲ.

ಗಂಟುಮೂಟೆ

ನಗಬೇಡಿ, ಸಿಹಿ ಈರುಳ್ಳಿ. ವರ್ಷಕ್ಕೊಮ್ಮೆ ಸಿಗುವುದು.

ಶರಾವತಿ ದಾಟಿದವಳು

ಗೊಂಚಲನ್ನು ಬಾಕ್ಸಿನ ಒಳಗಿಡಿ, ರೇನ್‌ಕೋಟ್ ಹೊರಗೆ ಕಟ್ಟಿ. ಹೊರಗೆ ಪಟಪಟ ಹಾರಾಡುವುದು ಏನೇ ಇದ್ದರೂ ಚಕ್ರಕ್ಕೆ ಸಿಕ್ಕಿಕೊಳ್ಳುವ ಅಪಾಯವಿದೆ, ಬಿಗಿದೇ ಕಟ್ಟಬೇಕು. ಮೈಮೇಲಿನ ರೇನ್‌ಕೋಟಿಗೂ ಇದೇ ಮಾತು. ಸಡಿಲವಾದ ಕೋಟು ಗಾಳಿ ತುಂಬಿಕೊಂಡು ಹೆಗಲನ್ನು ಹಿಂದಕ್ಕೆ ಜಗ್ಗುತ್ತದೆ, ಗುದ್ದಿನ ಅರ್ಧ ಅದರದೇ ಆಗಿರುತ್ತದೆ.

ಇನ್ನು, ಹಿಂದೆ ಕೂರುವವರನ್ನು ಈ ಚರ್ಚೆ ಮರೆತೇ ಬಿಟ್ಟಿದೆ. ಸವಾರನ ಹೆಲ್ಮೆಟ್ ದಾಟಿದ ಗಾಳಿ ಹಿಂದಿನವರ ಹೆಲ್ಮೆಟ್ಟಿಗೆ ಬೀಳುತ್ತದೆ. ಅವರ ಸೀಟು ಎತ್ತರ ಬೇರೆ. ಮುಂದಿನವರು "ಈಗ ಎಷ್ಟು ಆರಾಮ" ಎನ್ನುವಾಗ ಹಿಂದಿನವರ ಕುತ್ತಿಗೆ ಮುರಿಯುತ್ತಿರುತ್ತದೆ. ಕಾಳಿದಂಡೆಯವರೇ, ಬೈಕು ಮಾರಿ ಎಂದು ನಿಮ್ಮ ಮನೆಯವರು ಹೇಳಿದ್ದರಲ್ಲ, ಅವರು ಹಿಂದೆ ಕೂತು ಹೇಳಿದ್ದೋ?

ಕಾಳಿದಂಡೆ

ಹೌದು. ಗೋಕರ್ಣಕ್ಕೆ ಹೋಗಿ ಬಂದ ಮೇಲೆ.

ಶರಾವತಿ ದಾಟಿದವಳು

ಮುಂದಿನ ಪರೀಕ್ಷೆಗೆ ಅವರನ್ನೂ ಕೂರಿಸಿಕೊಳ್ಳಿ. ಹಿಂದಿನವರು ಸವಾರನ ಬೆನ್ನಿಗೆ ತುಸು ಹತ್ತಿರ ಕೂತರೆ ಎರಡು ಹೆಲ್ಮೆಟ್ಟಿನ ನಡುವಿನ ಸುಳಿ ಕಡಿಮೆಯಾಗುತ್ತದೆ. ಟಾಪ್ ಬಾಕ್ಸಿಗೆ ಒರಗಿ ದೂರ ಕೂತರೆ ಹೆಚ್ಚು.

ಕಾಳಿದಂಡೆ

ಪಾನಾದವರು ಹೇಳಿದ ಬುಷ್ ಹಾಕಿ, ಗಿಡ್ಡ ಗಾಜು, ಮೇಲೆ ಸ್ಪಾಯ್ಲರ್ ಹಾಕಿಸಿ ಹೊನ್ನಾವರದವರೆಗೆ ಹೋಗಿ ಬಂದೆವು, ಇಬ್ಬರೂ. 90ರವರೆಗೆ ತಲೆ ನಿಲ್ಲುತ್ತದೆ. 100ರ ಹತ್ತಿರ ಸಣ್ಣ ನಡುಕ ಇದೆ. ಗಾಳಿಯ ಸದ್ದು ಎತ್ತರದ ಗಾಜಿಗಿಂತ ಹೆಚ್ಚೇ ಆಗಿದೆ, ಪ್ಲಗ್ ಇರುವುದರಿಂದ ನಡೆಯುತ್ತದೆ. ಹಿಂದಿನ ಸೀಟಿನ ತೀರ್ಪು: "ಮೊದಲಿಗಿಂತ ಪರವಾಗಿಲ್ಲ, ಆದರೆ ಮುಂದಿನ ಸಲ ರೈಲಿನಲ್ಲಿ ಹೋಗೋಣ."

ಎತ್ತರದ ಗಾಜು ಯಾರಿಗಾದರೂ ಬೇಕೇ? ಐದು ಅಡಿ ನಾಲ್ಕರ ಒಳಗಿನವರಿಗೆ ಆದ್ಯತೆ.

ಮಾಜಾಳಿ ಗಡಿ

ಬೆಲೆ ಹೇಳಿ.

ಹತ್ತು ಹನ್ನೊಂದರ ಪಾನಾ

ಕೊಳ್ಳುವ ಮೊದಲು ತೂತುಗಳ ಸುತ್ತ ನೋಡಿ. ಕೂದಲೆಳೆಯ ಬಿರುಕು ಇದ್ದರೆ ಬೇಡ. ಆಕ್ರಿಲಿಕ್ ಗಾಜಿನಲ್ಲಿ ಬಿರುಕು ಅಲ್ಲಿಂದಲೇ ಹೊರಡುತ್ತದೆ. ತೂತು ನಿಮ್ಮ ಬೈಕಿಗೆ ಹೊಂದದೆ ಹೊಸದಾಗಿ ಕೊರೆಯುವುದಾದರೆ ಎರಡೂ ಬದಿಗೆ ಟೇಪ್ ಅಂಟಿಸಿ, ಹಿಂದೆ ಮರದ ತುಂಡು ಕೊಟ್ಟು, ಸಣ್ಣ ಬಿಟ್ಟಿನಿಂದ ನಿಧಾನವಾಗಿ ಶುರು ಮಾಡಿ. ಬೋಲ್ಟಿಗಿಂತ ತೂತು ತುಸು ದೊಡ್ಡದಿರಲಿ, ನಡುವೆ ರಬ್ಬರ್ ಬರಲಿ. ಬಿಗಿ ಮಾಡುವಾಗ ಪೌರುಷ ತೋರಿಸಬೇಡಿ.

ಮಾಜಾಳಿ ಗಡಿ

ಉಪ್ಪು ಗಾಳಿಗೆ ನನ್ನ ಹಳೆಯ ಬೋಲ್ಟುಗಳೆಲ್ಲ ತುಕ್ಕು ಹಿಡಿದು ಕೂತಿವೆ. ತಲೆ ಸವೆದು ಪಾನಾ ಜಾರುತ್ತದೆ. ಪೆಟ್ರೋಲ್ ಹಾಕಿ ನೆನೆಸಲೇ?

ಹತ್ತು ಹನ್ನೊಂದರ ಪಾನಾ

ಗಾಜು ಇನ್ನೂ ಅಲ್ಲೇ ಇರುವಾಗ ಪೆಟ್ರೋಲ್, ಥಿನ್ನರ್ ಯಾವುದೂ ಬೇಡ. ಪಾಲಿಕಾರ್ಬೊನೇಟ್ ಆದರೆ ಮಂಕಾಗಿ ಬಿರುಕು ಬಿಡುತ್ತದೆ. ಒಂದು ಹನಿ ತುಕ್ಕು ಬಿಡಿಸುವ ಎಣ್ಣೆಯನ್ನು ಹತ್ತಿಯಲ್ಲಿ ಅದ್ದಿ ನಟ್ಟಿಗೆ ಮಾತ್ರ ತಾಗಿಸಿ, ರಾತ್ರಿಯಿಡೀ ಬಿಡಿ. ಬರದಿದ್ದರೆ ಗ್ಯಾರೇಜಿಗೆ ತನ್ನಿ, ಕೊರೆದು ತೆಗೆಯುತ್ತೇನೆ. ಹೊಸದಕ್ಕೆ ಸ್ಟೇನ್‌ಲೆಸ್ ಬೋಲ್ಟು ಹಾಕಿಸಿಕೊಳ್ಳಿ. ಭಾನುವಾರ ಬರಬೇಡಿ, ಮೀನು ತರಲು ಹೋಗಿರುತ್ತೇನೆ.